ನರ್ಸಕ್ಕ ಆಟ ಬಿಟ್ಟರು

ಮಾರ್ಚ್ ೧೪, ಶನಿವಾರ

ದಾಳ ಹಾಕಿ ಕಥೆ ಕಟ್ಟುವ ನಮ್ಮ ಗುಂಪಿನಿಂದ ಇವತ್ತು ನರ್ಸಕ್ಕನೂ ಹೋದರು. ಕಥೆ ನಡೆಸುವವನು ನಾನು, ಅವರದು ವೈದ್ಯೆಯ ಪಾತ್ರ. ಕಳೆದ ವಾರ ದಾಳ ಕೈಕೊಟ್ಟಿತು. ಅವರು ಉಳಿಸಲು ಹೆಣಗುತ್ತಿದ್ದ ಮಗು ಕಥೆಯಲ್ಲಿ ಸತ್ತಿತು. ದಾಳ ಹೇಳಿದಂತೆಯೇ ಕಥೆ, ನಿಯಮ ಅಂದರೆ ನಿಯಮ ಎಂದಿದ್ದೆ.

ಹಿಂದೆ ಗುಂಪು ಬಿಟ್ಟುಹೋದ ಟೈಲರ್ ಕೆಲಸ ಜಾಸ್ತಿ ಎಂದಿದ್ದ. ನಂಬಿದ್ದೆ. ನರ್ಸಕ್ಕ ಮಾತ್ರ ಬಾಗಿಲಲ್ಲೇ ನಿಂತು ನಿಜ ಹೇಳಿದರು.

“ವಾರ್ಡಲ್ಲಿ ದಿನಾ ಸಾವು ನೋಡ್ತೀನಪ್ಪಾ. ಇಲ್ಲಾದ್ರೂ ಒಂದು ಮಗು ಉಳೀಲಿ ಅಂತ ಬರ್ತಿದ್ದೆ. ನಿಂಗೊಂದು ಸುಳ್ಳು ಹೇಳೋಕಾಗ್ಲಿಲ್ವಾ?”

ನನ್ನ ಮುಂದೆ ನಿಲ್ಲಿಸಿಕೊಂಡ ರಟ್ಟಿನ ಮರೆಯಲ್ಲಿ ಬಿದ್ದ ದಾಳವನ್ನು ನಾನೊಬ್ಬನೇ ನೋಡಿದ್ದೆ. ಮಗು ಉಳಿಯಿತು ಎಂದುಬಿಡಬಹುದಿತ್ತು. ಯಾರಪ್ಪನ ಗಂಟು ಹೋಗುತ್ತಿತ್ತು?

ತಪ್ಪಾಯ್ತು ಎನ್ನಬೇಕಿತ್ತು. “ಸರಿ, ಹೋಗ್ಬನ್ನಿ” ಎಂದೆ. ಮೂರು ವರ್ಷ ಜೊತೆಗೆ ಕೂತವರಿಗೆ ಬರೀ ಅಷ್ಟೇ. ಅವರು ಮೆಟ್ಟಿಲಿಳಿಯುವಾಗಲಾದರೂ ನಾನು ಕೂಗಿ ಕರೆದು…