ಮೇಲೆತ್ತುವ ಗುಂಡಿ

ದೋಣಿಕಟ್ಟೆಯ ಮನೆಯಿಂದ,
೧೪ನೇ ತಾರೀಖು, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗನಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಬೆನ್ನು ಹೇಗಿದೆ? ನಿನ್ನ ಅಕ್ಕನನ್ನು ಕೇಳಿದರೆ “ಚೆನ್ನಾಗಿದಾನಮ್ಮ, ಮಲಗಿದಾನೆ” ಎನ್ನುತ್ತಾಳೆ. ಅವಳು ಮಾತು ಕಲಿತಾಗಿನಿಂದ ಎಲ್ಲರೂ ಚೆನ್ನಾಗಿದ್ದಾರೆ ಎಂದೇ ಹೇಳುತ್ತ ಬಂದವಳು, ಆದ್ದರಿಂದ ನೀನೇ ತಿಳಿಸು. ಡಾಕ್ಟರು ಕೊಟ್ಟ ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಕುರ್ಚಿಗೆ ನೇತುಹಾಕಿದ್ದೀಯೋ? ಬಗ್ಗಬೇಡ. ಕೆಮ್ಮು ಬಂದರೆ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡು ಕೆಮ್ಮು. ಅಕ್ಕನ ಮನೆಯ ಹಾಸಿಗೆ ತೀರ ಮೆತ್ತಗೆ, ನನಗೆ ಗೊತ್ತು. ನೆಲದ ಮೇಲೆ ಮಲಗು, ಅವಳು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಇಲ್ಲಿ ನಾನೂ ನಿನ್ನ ಹೆಂಡತಿಯೂ ಕ್ಷೇಮ. ನನ್ನ ಮಂಡಿಯೊಂದು ಕುಂಬಳಕಾಯಿಯ ಹಾಗೆ ಬಾತಿದೆ, ಅದರ ಕಥೆ ಮುಂದೆ ಬರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ನಾನು ಶುರು ಮಾಡಿದ್ದು ಎಲ್ಲಿಗೋ ಹೋಗಿ, ಕೊನೆಗೆ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಈ ಸಲ ಪೂರ್ತಿ ಕೇಳು. ಕೇಳಿದ ಮೇಲೂ ಕೋಪ ಮಾಡಿಕೊಳ್ಳಬೇಡ, ಕೋಪಕ್ಕೂ ಬೆನ್ನು ಹಿಡಿಯುತ್ತದಂತೆ.

ಲಂಗರು ಎತ್ತುವ ಯಂತ್ರದ ಮೋಟಾರು ದ್ವೀಪದ ಹತ್ತಿರ ಕೈಕೊಟ್ಟ ದಿನ ಸಹಾಯಕ್ಕೆ ಯಾರನ್ನೂ ಕೂಗದೆ, ದೋಣಿ ತುಂಬ ಇದ್ದ ಪ್ರವಾಸಿಗಳ ಮುಂದೆ ಒಬ್ಬನೇ ಸರಪಳಿ ಎಳೆಯಲು ಹೋದೆಯಲ್ಲ, ಅದನ್ನು ನಾನು ಈ ಕಾಗದದಲ್ಲಿ ಎತ್ತಿ ಆಡುವುದಿಲ್ಲ. ಆಗಿದ್ದು ಆಗಿಹೋಯಿತು. ಆದರೆ ಹಾಸಿಗೆಯಲ್ಲಿ ಮಲಗಿದ ಮೂರನೆಯ ದಿನಕ್ಕೇ “ಇನ್ನು ನನ್ನ ಕೈಲಾಗಲ್ಲಮ್ಮ, ದೋಣಿ ಮಾರಿಬಿಡೋಣ” ಎಂದೆ. ನೀನು ಅಲ್ಲಿಂದಲೇ ದೋಣಿ ಕೊಳ್ಳಲು ಆ ಬಿಳಿ ಟೋಪಿಯವನನ್ನು ಗೊತ್ತುಮಾಡಿದೆ. ಲಂಗರಿನ ಯಂತ್ರ ಸರಿಯಾಗಿ ಓಡಿದರೆ ಮಾತ್ರ ದೋಣಿ ತಗೊಳ್ಳುತ್ತೇನೆ ಎಂದು ಅವನು ಹೇಳಿದ. ಭಾನುವಾರದೊಳಗೆ ಮಿಸ್ತ್ರಿಯಿಂದ ಹೊಸ ಮೋಟಾರು ಹಾಕಿಸಿಡಿ ಎಂದು ನೀನು ನಮಗೆ ಅಪ್ಪಣೆ ಕೊಟ್ಟೆ. ನಿನ್ನ ಹೆಂಡತಿಯನ್ನು ನಾನೇ ಕೆದಕಿ ಕೇಳಿದ್ದಕ್ಕೆ “ಅವರ ದೋಣಿ, ಅವರಿಷ್ಟ ಅತ್ತೆ” ಎಂದಳು. ಹಾಗೆಂದು ಹೊಲಿಗೆಗೆ ಕೂತವಳು ಒಂದೇ ರವಿಕೆಗೆ ಎರಡೂ ಎಡಗೈ ತೋಳನ್ನೇ ಹೊಲಿದಿಟ್ಟಳು. ನಾನು ಸುಮ್ಮನೆ ಬಿಚ್ಚಿ ಕೊಟ್ಟೆ.

ಮಿಸ್ತ್ರಿ ನಿನಗೆ ಗೊತ್ತೇ ಇದ್ದಾನಲ್ಲ, ‘ನಾಳೆ’ ಮಿಸ್ತ್ರಿ. ದಿನಾ ಕೇಳಿದಾಗಲೆಲ್ಲ “ನಾಳೆ ಬೆಳಿಗ್ಗೆ ಮೊದಲು ನಿಮ್ದೇ ಅಮ್ಮಾ” ಎಂದ. ಶುಕ್ರವಾರ ಫೋನನ್ನೇ ಆರಿಸಿಕೊಂಡು ಕೂತ. ಹೊಸ ಮೋಟಾರು ಪೆಟ್ಟಿಗೆಯ ಸಮೇತ ನಮ್ಮ ನಡುಮನೆಯಲ್ಲಿ ನೆಂಟರ ಹಾಗೆ ಕೂತಿತ್ತು. ಎಡವಿ ಎಡವಿ ನನಗೆ ಸಾಕಾಯಿತು. ಆಗ ನಿನ್ನ ಹೆಂಡತಿ ಎದ್ದು, “ಅತ್ತೆ, ನಾವೇ ಹಾಕೋಣ. ಹೊಲಿಗೆ ಮಿಷನ್ನಿನ ಮೋಟಾರು ನಾನೇ ಬಿಚ್ಚಿ ಹಾಕಲ್ವಾ?” ಎಂದಳು. ಅದು ನಿಂಬೆಹಣ್ಣಿನಷ್ಟು, ಇದು ಕೂಸಿನಷ್ಟು ಇದೆ ಕಣೇ ಎಂದೆ. ಕೂಸನ್ನೂ ಎತ್ತಿ ಅಭ್ಯಾಸ ಇದೆಯಲ್ಲ ನಿಮಗೆ ಎಂದಳು. ಹೊಗಳಿಕೆಗೆ ಬಿದ್ದುಹೋದೆ.

ದೋಣಿಯ ಮೂತಿಯ ಕೆಳಗಿನ ಆ ಗೂಡಿಗೆ ನಾನು ಹೇಗೆ ತೂರಿದೆ ಎಂದು ಕೇಳಬೇಡ. ತೂರಿದ್ದು ಸುಲಭ, ಹೊರಬಂದದ್ದೇ ದೊಡ್ಡ ಸಂಗತಿ. ಮೇಲೆ ಯಂತ್ರ, ಅದರ ಕೆಳಗೆ ನೇತಾಡುವ ಮೋಟಾರು, ಅದರ ಕೆಳಗೆ ಸರಪಳಿಯ ರಾಶಿ, ಆ ರಾಶಿಯ ಮೇಲೆ ನಾನು. ಮೋಟಾರಿನ ಬೋಲ್ಟುಗಳು ಉಪ್ಪು ಹಿಡಿದು ಬೆಳ್ಳಗಾಗಿದ್ದವು, ಜಪ್ಪಯ್ಯ ಎಂದರೂ ಅಲ್ಲಾಡಲೊಲ್ಲವು. ಎಣ್ಣೆ ಬಿಟ್ಟೆವು, ಕಾದೆವು, ಸ್ಪ್ಯಾನರಿನ ಹಿಡಿಗೆ ನಮ್ಮ ನೀರಿನ ಪಂಪಿನ ಹಳೇ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ನಾನು ನಿನ್ನನ್ನು ನೆನೆದುಕೊಂಡು ಬೈಯುತ್ತ ಎಳೆದೆ. ಅವಳು ಯಾರನ್ನು ನೆನೆದುಕೊಂಡಳೋ ಹೇಳಲಿಲ್ಲ, ಆದರೆ ನನಗಿಂತ ಜೋರಾಗಿ ಎಳೆದಳು. ಕಿರ್ರ್ ಎಂದು ಒಂದು ಬಿಟ್ಟುಕೊಂಡ ಮೇಲೆ ಉಳಿದವು ಮರ್ಯಾದೆಯಿಂದ ಬಂದವು. ಕೊನೆಯ ಬೋಲ್ಟು ಬಿಚ್ಚುವ ಮುಂಚೆ “ಹಿಡ್ಕೊಂಡಿದೀರಾ ಅತ್ತೆ?” ಎಂದಳು. ಹಿಡಿದುಕೊಂಡಿದ್ದೇನೆ ಎಂದೆ. ನಾನು ಹಿಡಿದಿದ್ದು ಅದರ ತಂತಿಯನ್ನು. ಮೋಟಾರು ನೇರ ನನ್ನ ಮಂಡಿಯ ಮೇಲೆ ಬಂದು ಕೂತಿತು. ಮಂಡಿಯ ಕಥೆ ಇಷ್ಟೇ.

ಈಗ ನನ್ನ ಘನಕಾರ್ಯ ಕೇಳು. ಮೋಟಾರಿಗೆ ದಪ್ಪನೆಯ ಎರಡು ತಂತಿ, ಎರಡೂ ಮಸಿ ಹಿಡಿದು ಒಂದೇ ಥರ. ಯಾವುದು ಎಲ್ಲಿತ್ತೆಂದು ತಿಳಿಯಲಿ ಎಂದು ನಿನ್ನ ಹೆಂಡತಿ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ ದಾರ ಕಟ್ಟಿದ್ದಳು. ನನಗೆ ಹೇಳಿರಲಿಲ್ಲ. ಅವಳು ಹೊಸ ಮೋಟಾರು ತರಲು ಮೇಲೆ ಹೋದಾಗ ನಾನು ಕತ್ತಲಲ್ಲಿ ಟಾರ್ಚು ಹಿಡಿದು ಕೂತಿದ್ದೆ. ಕಣ್ಣೆದುರಿಗೆ ದಾರದ ತುದಿಗಳು ಜೋತಾಡುತ್ತಿದ್ದವು. ಈ ಮನೆಯಲ್ಲಿ ಅವಳು ಹೊಲಿದ ಬಟ್ಟೆಯ ದಾರದ ತುದಿ ಕತ್ತರಿಸುವ ಕೆಲಸ ನನ್ನದು, ಕತ್ತರಿ ಸದಾ ಸೊಂಟದಲ್ಲೇ ಇರುತ್ತದೆ. ಕೈ ಸುಮ್ಮನಿರುತ್ತದೆಯೇ? ಕಚಕ್, ಕಚಕ್. ಚೊಕ್ಕಟವಾಯಿತು ಎಂದು ಸಮಾಧಾನವೂ ಆಯಿತು.

ಹೊಸದನ್ನು ನಾನು ಕೆಳಗಿನಿಂದ ಎರಡೂ ಕೈಯಲ್ಲಿ ಎತ್ತಿ ಹಿಡಿದೆ, ಅವಳು ಬೋಲ್ಟು ಬಿಗಿದಳು, ತಂತಿ ಜೋಡಿಸಿದಳು. ಅವಳು ಮೇಲೆ ಹೋಗಿ ಬ್ಯಾಟರಿಯ ಸ್ವಿಚ್ಚು ಹಾಕಿ ಮೇಲೆತ್ತುವ ಗುಂಡಿಯನ್ನು ಕಾಲಿನಿಂದ ಒತ್ತಿದ್ದೇ ತಡ, ಲಂಗರು ಗಡಗಡ ಎಂದು ಕೆಳಗಿಳಿದು ಕಟ್ಟೆಯ ಕೆಸರಿಗೆ ಬಿತ್ತು. ಇಳಿಸುವ ಗುಂಡಿ ಒತ್ತಿದರೆ ಬಲು ವಿಧೇಯತೆಯಿಂದ ಮೇಲೆ ಬಂತು. ನಿನ್ನ ಹೆಂಡತಿ ಗೂಡಿನೊಳಗೆ ತಲೆ ಹಾಕಿ ತಂತಿ ನೋಡಿದಳು, ನೆಲದ ಮೇಲಿನ ಕೆಂಪು, ನೀಲಿ ಚೂರು ನೋಡಿದಳು, ಆಮೇಲೆ ನನ್ನ ಸೊಂಟದ ಕತ್ತರಿ ನೋಡಿದಳು. ನಾನು ಛಾವಣಿ ನೋಡಿದೆ. ಆ ಗೂಡಿನಲ್ಲಿ ಛಾವಣಿ ಮೂಗಿನ ಮೇಲೇ ಇರುತ್ತದೆ, ನೋಡುವುದಕ್ಕೆ ಏನೂ ಇರಲಿಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ತಂತಿ ಅದಲುಬದಲು ಮಾಡಿದಳು, ಅಷ್ಟೇ, ಎಲ್ಲ ಸರಿಹೋಯಿತು. ಮಗನೇ, ಹಳೆಯದು ನರಳುತ್ತಿತ್ತಲ್ಲ, ಇದು ಹಾಡುತ್ತದೆ. ಅವಳು ಮತ್ತೆ ಮತ್ತೆ ಎತ್ತಿದಳು, ಇಳಿಸಿದಳು, ಚಿಕ್ಕ ಹುಡುಗಿಯ ಹಾಗೆ. ಆಮೇಲೆ ಗುಂಡಿಯಿಂದ ಕಾಲು ತೆಗೆದಳು. “ಇಷ್ಟು ಚೆನ್ನಾಗಿ ಹಾಕಬಾರದಿತ್ತು ಅತ್ತೆ” ಎಂದಳು. ಮಾರುವುದಕ್ಕೆಂದೇ ಸರಿಮಾಡುತ್ತಿದ್ದೇವೆ ಎಂಬುದು ಕೆಲಸದ ಭರಾಟೆಯಲ್ಲಿ ನನಗೆ ಮರೆತೇಹೋಗಿತ್ತು.

ನಿನ್ನೆ ಬಿಳಿ ಟೋಪಿಯವನು ಬಂದಿದ್ದ. ಆ ವಿಷಯಕ್ಕೆ ಈ ಹಾಳೆಯಲ್ಲಿ ಜಾಗ ಇಲ್ಲ, ನಿನ್ನ ಹೆಂಡತಿಯೂ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅಕ್ಕನಿಗೆ, ಅಳಿಯಂದಿರಿಗೆ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ಮಾತ್ರೆ ನುಂಗು, ನೆಟ್ಟಗೆ ಕೂತುಕೋ. ಬೆನ್ನು ಬೇಗ ಗಟ್ಟಿಯಾಗಲಿ, ನೂರು ಕಾಲ ಬಾಳು.

ನಿನ್ನ ಅಮ್ಮ

ಬಿಟ್ಟದ್ದು: ಹಾಳೆಯ ಹಿಂಬದಿ ಖಾಲಿ ಇದೆ ಎಂದು ಈಗ ಗೊತ್ತಾಯಿತು. ಅವಳನ್ನು ಐದು ನಿಮಿಷ ನಿಲ್ಲಿಸಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಶನಿವಾರ ಸಂಜೆ ಹಾಲಿಗೆ ಹೋಗುತ್ತೇನೆಂದು ಹೇಳಿ ನಾನು ದೋಣಿಗೆ ಹೋದೆ. ಮಂಡಿ ಎಳೆದುಕೊಂಡು ಆ ಗೂಡಿಗೆ ಇಳಿದು ಎರಡು ತಂತಿಯನ್ನೂ ಅದಲುಬದಲು ಮಾಡಿ ಬಂದೆ. ಬಿಳಿ ಟೋಪಿ ಎತ್ತಲು ಒತ್ತಲಿ, ಲಂಗರು ಕೆಸರಿಗೆ ಬೀಳಲಿ, ಯಂತ್ರ ಸರಿಯಿಲ್ಲ ಎಂದು ಹೊರಟುಹೋಗಲಿ ಎಂದುಕೊಂಡೆ. ನಿನ್ನೆ ಅವನು ಬಂದ, ಇಳಿಸಿ ನೋಡಿದ, ಎತ್ತಲು ಒತ್ತಿದ, ಲಂಗರು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಮೇಲೆ ಬಂತು! ತಿರುಗಿ ನೋಡಿದರೆ ನಿನ್ನ ಹೆಂಡತಿಯ ಮುಖ ನನ್ನದಕ್ಕಿಂತ ಬಿಳಿಚಿಕೊಂಡಿತ್ತು. ಅವಳೂ ಬೆಳಿಗ್ಗೆ ದೋಣಿ ಒರೆಸಿ ಬರುತ್ತೇನೆಂದು ಹೋಗಿ ಅದೇ ಎರಡು ತಂತಿಯನ್ನು ಅದಲುಬದಲು ಮಾಡಿ ಬಂದಿದ್ದಳು ಕಣೋ. ಇಬ್ಬರ ಕಳ್ಳತನವೂ ಸೇರಿ ಕೆಲಸ ಸರಿಯಾಗಿಬಿಟ್ಟಿತ್ತು. ಬಿಳಿ ಟೋಪಿ “ಫಸ್ಟ್ ಕ್ಲಾಸ್ ಅಮ್ಮಾ, ನಾನು ತಗೊಂಡೆ” ಎಂದು ಕೈ ಚಾಚಿದ. ಇನ್ನು ಮೋಸಕ್ಕೆ ದಾರಿಯಿರಲಿಲ್ಲ, ನಿಜವನ್ನೇ ಹೇಳಬೇಕಾಯಿತು. ದೋಣಿ ಮಾರಾಟಕ್ಕಿಲ್ಲ ಎಂದುಬಿಟ್ಟೆ. ಯಾಕೆ ಎಂದ. ಓಡಿಸುವವನಿಗೆ ಬೆನ್ನು ವಾಸಿಯಾಗುತ್ತಿದೆ, ಅದಕ್ಕೆ ಎಂದೆ. ಅವನು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಹೋದ. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನು ಒಂದು ಮಾತೂ ಅನ್ನಬೇಡ. ಅವಳು ನಿನ್ನೆಯಿಂದ ತೋಳುಗಳನ್ನು ಸರಿಯಾಗಿ ಹೊಲಿಯುತ್ತಿದ್ದಾಳೆ. ಇನ್ನು ನನ್ನ ಕೈಲಾಗಲ್ಲ ಎಂದೆಯಲ್ಲ, ಲಂಗರು ಎತ್ತುವುದಕ್ಕೆ ಈಗ ಒಂದು ಗುಂಡಿ ಒತ್ತಿದರೆ ಸಾಕು. ನೀನು ಚುಕ್ಕಾಣಿ ಹಿಡಿದು ಕೂತಿರು. ಒತ್ತುವ ಕಾಲು ನಿನ್ನದೇ ಆಗಬೇಕೆಂದು ಯಾರೂ ಹೇಳಿಲ್ಲ.