ಚೀಟಿ ಇಲ್ಲದ ಮಾಲು

ಏಪ್ರಿಲ್ ೧೯, ಶನಿವಾರ

ಸಾಕಾಗಿದೆ. ಫ್ಯಾನು ಬಿಸಿಗಾಳಿಯನ್ನೇ ಮಗುಚಿ ಹಾಕುತ್ತಿದೆ, ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ನಮ್ಮ ಗೋದಾಮಿನಲ್ಲಿ ತಣ್ಣಗಿರುವುದು ಒಂದೇ ಕೋಣೆ. ಅದೂ ಡ್ರಮ್ಮುಗಳಿಗೆ. ಕಾವು ಏರಿದರೆ ಒಳಗಿನ ರಾಸಾಯನಿಕ ತಾನಾಗಿಯೇ ಕುದ್ದು ಹೊತ್ತಿಕೊಳ್ಳುತ್ತದೆ. ಅದಕ್ಕೇ ಪ್ರತಿಯೊಂದರ ಮೇಲೂ 'ತಂಪಾಗಿಡಿ, ಬಿಸಿಲಿಗೆ ಒಡ್ಡಬೇಡಿ' ಎಂಬ ಚೀಟಿ. ಆ ಕೋಣೆಯ ಉಸ್ತುವಾರಿ ನನ್ನದು.

ಮಧ್ಯಾಹ್ನ ಲಾರಿಯ ಮಾಲೆಲ್ಲ ಇಳಿಸಿ ಒಳಗಿಟ್ಟ ಮೇಲೆ ನೋಡಿದರೆ ಕೋಣೆಯ ಬಾಗಿಲು ಅರ್ಧ ತೆರೆದೇ ಇದೆ, ತಾಪಮಾನದ ಮುಳ್ಳು ಮೇಲೇರುತ್ತಿದೆ. ಓಡಿಹೋಗಿ ಇಣುಕಿದೆ. ಒಳಗೆ ನಮ್ಮ ಹಮಾಲಿ ದಪ್ಪಣ್ಣ, ಡ್ರಮ್ಮಿಗೆ ಕೆನ್ನೆ ಒತ್ತಿಕೊಂಡು ಕೂತಿದ್ದ.

"ಏಳಣ್ಣಾ, ಬಾಗಿಲು ಹಾಕ್ಬೇಕು. ಈ ಮಾಲು ಕೆಟ್ರೆ ನಾವ್ಯಾರೂ ಉಳಿಯಲ್ಲ."

"ನಾನೇನು ಕೆಡದೇ ಇರೋ ಮಾಲಾ ಅಕ್ಕಾ?" ಅಂದ, ನಗುತ್ತಲೇ.

ನಾನೂ ನಕ್ಕೆ. ನಗುತ್ತಲೇ ರೆಟ್ಟೆ ಹಿಡಿದು ಎಬ್ಬಿಸಿ, ಬಿಸಿಲಿಗೆ ಕಳಿಸಿ, ಬಾಗಿಲು ಹಾಕಿದೆ. ಮುಳ್ಳು ಇಳಿಯಿತು. ನಾನು ಮಾಡಿದ್ದು ಸರಿಯೇ. ಹೇಗೆ ಯೋಚಿಸಿದರೂ ಸರಿಯೇ.

ಆದರೆ ಆ ತಂಪಿನಲ್ಲಿ ಅಷ್ಟು ಹೊತ್ತು ಕೂತಿದ್ದರೂ ಅವನ ರೆಟ್ಟೆ ಕಾದ ತಗಡಿನಂತೆ ಸುಡುತ್ತಿತ್ತು. ಆ ಬಿಸಿ ಇನ್ನೂ ನನ್ನ ಅಂಗೈಯಲ್ಲಿದೆ. ಅವನ ಮೇಲೆ ಯಾರೂ ಚೀಟಿ ಅಂಟಿಸಿರಲಿಲ್ಲ, ಅಷ್ಟೇ.