ನೆಕ್ಕಿ ನೋಡಿದ ಎಣ್ಣೆ

ಬ್ರಿಸ್ಟಲ್, ಮಾರ್ಚ್ ೪

ಪ್ರೀತಿಯ ಅಜ್ಜಾ,

ನಿನ್ನ ಮಂಡಿ ನೋವು ಹೇಗಿದೆ? ಜಾರದ ಹಾಗೆ ಮೆಟ್ಟಿಲ ಮೇಲೆ ಬೂದಿ ಚೆಲ್ಲದೆ ಹಿಮದಲ್ಲಿ ಇಳಿಯಬೇಡ ಅಂತ ಹೋದ ಸಲವೇ ಬರೆದಿದ್ದೆ. ನೀನು ಆ ಮಾತನ್ನೇ ಎತ್ತಲಿಲ್ಲ, ಅಂದರೆ ಚೆಲ್ಲುತ್ತಿಲ್ಲ. ಈ ಸಲ ನಿಮ್ಮ ಲೊಫೊಟೆನ್ ದ್ವೀಪಗಳಿಗೆ ಕಾಡ್ ಮೀನು ಬೇಗ ಬಂತಂತೆ, ನಿನ್ನ ಪಕ್ಕದ ಮನೆಯ ಯೊರುನ್ ಅತ್ತೆ ಹೇಳಿದರು. ಹಾಗಾದರೆ ನೀನು ದಿನವಿಡೀ ಶೆಡ್ಡಿನಲ್ಲಿ ಮೀನಿನ ಲಿವರ್ ಕಾಯಿಸಿ ಎಣ್ಣೆ ತೆಗೆಯುತ್ತಾ ನಿಂತೇ ಇರುತ್ತೀಯ. ನಡುನಡುವೆ ಸ್ವಲ್ಪ ಕೂತುಕೋ.

ನಾನು ಚೆನ್ನಾಗಿದ್ದೇನೆ. ಕೆಮಿಸ್ಟ್ರಿ ಟೆಸ್ಟು ಹತ್ತಿರ ಬಂದಿದೆ, ನಿದ್ದೆ ಸರಿಯಾಗಿಲ್ಲ, ಅಷ್ಟೇ. ಶಾಲೆಯಿಂದಲೂ ಹಾಸ್ಟೆಲ್ಲಿನಲ್ಲೇ ಬೆಳೆದವಳಿಗೆ ಇದು ಹೊಸದಲ್ಲ, ಆದರೂ ಕಾಲೇಜಿನ ಮೊದಲ ವರ್ಷ ನೋಡು. ನಿನ್ನ ನಿಯಮ ತಪ್ಪಿಸಿಲ್ಲ: ಹೆಸರಿನಲ್ಲಿ 'ರ' ಇರುವ ತಿಂಗಳೆಲ್ಲ ಬೆಳಿಗ್ಗೆ ಒಂದು ಚಮಚ ಮೀನೆಣ್ಣೆ. ನನ್ನ ರೂಮ್‌ಮೇಟ್ ಹ್ಯಾರಿಯೆಟ್ ದಿನಾ ಕಿಟಕಿ ತೆಗೆದು, "ನೀನೇನು ಮನುಷ್ಯಳಾ, ಬೆಕ್ಕಾ?" ಅಂತಾಳೆ. ಬೆಕ್ಕಿಗೆ ನೆಗಡಿ ಆಗಲ್ಲ ಅಂತ ಹೇಳಿದ್ದೇನೆ.

ಈಗ ಹೇಳಲೇಬೇಕಾದದ್ದು. ನೀನು ಅಪ್ಪನ ಚರ್ಮದ ಕಾರ್ಖಾನೆಗೆ ಕಳಿಸಿದ ಎಣ್ಣೆ ಪೀಪಾಯಿಗಳನ್ನು ಇಲ್ಲಿನ ಬಂದರಿನಲ್ಲಿ ತಡೆದಿದ್ದಾರೆ. ಮೊದಲು ಫೋನ್ ಬಂದದ್ದು ನನಗೇ. ಅಪ್ಪನಿಗೆ ನಿನ್ನ ಭಾಷೆ ಬರದು, ನಿನಗೆ ಅವನ ಭಾಷೆ ಬೇಡ, ಅಮ್ಮ ಹೋದ ಮೇಲೆ ನಿಮ್ಮಿಬ್ಬರ ನಡುವೆ ಮಾತು ಹೊರುವವಳು ನಾನೊಬ್ಬಳೇ ಅಲ್ಲವಾ. ಬಂದರಿನಲ್ಲಿ ಸರಕು ತಪಾಸಣೆ ಮಾಡುವ ಡಾಕ್ಟರಮ್ಮ ಒಂದು ಫೋಟೋ ಕಳಿಸಿ, "ಕಾಗದದಲ್ಲಿ ಮನುಷ್ಯರ ಬಳಕೆಗೆ ಅಲ್ಲ ಅಂತಿದೆ. ಪೀಪಾಯಿ ಮೇಲೆ ಆ ಚೀಟಿಯೇ ಇಲ್ಲ. ಬದಲಿಗೆ ಸೀಮೆಸುಣ್ಣದಲ್ಲಿ ಏನೋ ಬರೆದಿದೆಯಲ್ಲಮ್ಮ, ಏನದು?" ಅಂತ ಕೇಳಿದರು. ಸುಳ್ಳು ಹೇಳೋಕೆ ನನಗೆ ಹೊಳೆಯಲೇ ಇಲ್ಲ. ಇದ್ದದ್ದನ್ನು ಇದ್ದಹಾಗೆ ಓದಿದೆ: "ನೆಕ್ಕಿ ನೋಡಿದ್ದೇನೆ, ಚೆನ್ನಾಗಿದೆ. ತೊರ್ಲೀಫ್." ಅವರು ಮತ್ತೆ ಕೇಳಿದರು.

"ಯಾರು ನೆಕ್ಕಿದ್ದು?"

"ನಮ್ಮಜ್ಜ. ಎಲ್ಲಾ ಪೀಪಾಯಿಗೂ ಬೆರಳದ್ದಿ ನೋಡ್ತಾರೆ."

"ಚೆನ್ನಾಗಿದ್ದಾರಾ?"

"ಮಂಡಿ ಒಂದು ಬಿಟ್ಟು."

"ಹಾಗಾದ್ರೆ ಎಣ್ಣೆ ಒಳ್ಳೇದೇ ಇರಬೇಕು. ಆದ್ರೆ ನಾನು ಒಳಗೆ ಬಿಡೋಕಾಗಲ್ಲಮ್ಮ."

ನನಗೆ ನಗು, ಅಳು ಎರಡೂ ಬಂತು. ಹಿಂದೆ ಯೊರುನ್ ಅತ್ತೆಯ ಗಂಡ ಚೀಟಿ ಅಂಟಿಸಿ, ನಿನ್ನ ಕಣ್ಣಿಗೆ ಬೀಳುವ ಮೊದಲೇ ಲಾರಿಗೆ ಏರಿಸಿಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಇದೇ ಮೊದಲ ಲೋಡು, ಚೀಟಿಗಳು ನಿನ್ನ ಕೈಗೇ ಬಂದವು. ನೀನು ಏನು ಅಂದಿರುತ್ತೀಯ ಅಂತ ನನಗೆ ಗೊತ್ತು. "ನನ್ನ ಎಣ್ಣೆ ಮನುಷ್ಯರಿಗಲ್ಲವಂತೆ. ನಿಮ್ಮಮ್ಮನನ್ನ ಏನು ಕುಡಿಸಿ ಬೆಳೆಸಿದೆ ಅಂತ ಆ ಇಂಗ್ಲಿಷಿನವರನ್ನ ಕೇಳು."

ಎಣ್ಣೆ ಕೆಟ್ಟಿದೆ ಅಂತ ಯಾರೂ ಹೇಳುತ್ತಿಲ್ಲ ಅಜ್ಜಾ. ನಾನು ಡಾಕ್ಟರಮ್ಮನನ್ನು ಬಿಡದೆ ಕೇಳಿದೆ, ಅವರು ಬೇಸರಪಡದೆ ಹೇಳಿದರು. ನಿನ್ನ ಶೆಡ್ಡು ಆಹಾರ ತಯಾರಿಸುವ ಜಾಗ ಅಂತ ದಾಖಲಾಗಿಲ್ಲ. ಅಲ್ಲಿಂದ ಹೊರಟ ಎಣ್ಣೆ ಚರ್ಮ ಹದ ಮಾಡುವ ಕಾರ್ಖಾನೆಗೆ ನೇರವಾಗಿ ಹೋಗಬೇಕು, ದಾರಿಯಲ್ಲಿ ಯಾರೋ ಕದ್ದು ಅಂಗಡಿಯ ಬಾಟಲಿಗೆ ತುಂಬಬಾರದು. ಅದಕ್ಕೇ ಸರಕು ಬರುವ ಮೊದಲು ಬಂದರಿಗೆ ತಿಳಿಸಬೇಕು, ಸರ್ಕಾರಿ ಪಶುವೈದ್ಯರ ಸಹಿ ಇರುವ ಪತ್ರ ಜೊತೆಗಿರಬೇಕು, ಶುಚಿಯಾದ ಪೀಪಾಯಿಯ ಮೇಲೆ ಆ ಚೀಟಿ ಇರಬೇಕು. ನಿನ್ನದರಲ್ಲಿ ಮಿಕ್ಕಿದ್ದೆಲ್ಲ ಸರಿಯಾಗಿತ್ತು. ಚೀಟಿ ಇಲ್ಲ, ಸಾಲದ್ದಕ್ಕೆ ಒಬ್ಬ ಮನುಷ್ಯ ನೆಕ್ಕಿ ನೋಡಿದ್ದೇನೆ ಅಂತ ಸಹಿ ಬೇರೆ ಹಾಕಿದ್ದಾನೆ.

ವಾಪಸ್ ಕಳಿಸುತ್ತೀರೋ, ಇಲ್ಲೇ ಸುಟ್ಟುಬಿಡೋಣವೋ ಅಂತ ಅಪ್ಪನನ್ನು ಕೇಳಿದರು. ಸುಡುವುದೇ ಸುಲಭವಾಗಿತ್ತು. ಅಪ್ಪ ನನಗೆ ಫೋನ್ ಮಾಡಿ, "ನಿಮ್ಮಜ್ಜನಂಥ ಹಟಮಾರಿ ಮುದುಕನನ್ನ ನಾನು ಕಂಡಿಲ್ಲ" ಅಂತ ಶುರು ಮಾಡಿ, ಆಮೇಲೆ ದನಿ ಇಳಿಸಿ, "ಒಂದೊಂದನ್ನೂ ನೆಕ್ಕಿ ಕಳಿಸಿದಾನೆ. ಸುಡೋಕೆ ನನಗೆ ಕೈ ಬರಲ್ಲ, ಸುನ್ನೀವಾ" ಅಂದ. ಪೀಪಾಯಿಗಳು ನಿನ್ನ ಬಳಿಗೇ ಹೊರಟಿವೆ. ಜೆಟ್ಟಿಯ ಮೇಲೆ ನೋಡಿದಾಗ ಬೈಯಬೇಡ, ಅಥವಾ ಬೈದುಬಿಡು, ಆದರೆ ಸಮುದ್ರಕ್ಕೆ ಸುರಿಯಬೇಡ. ನೀನು ಹಾಗೆ ಮಾಡುವವನೇ ಅಂತ ಯೊರುನ್ ಅತ್ತೆ ಹೆದರಿಸಿದ್ದಾರೆ.

ಹೋದ ವಾರ ಕಾರ್ಖಾನೆಗೆ ಹೋಗಿದ್ದೆ. ಕುರಿ ಚರ್ಮಕ್ಕೆ ಎಣ್ಣೆ ಕುಡಿಸಿ ಕುಟ್ಟುವ ಯಂತ್ರದ ಹತ್ತಿರ ನಿಂತರೆ ನಿನ್ನ ಶೆಡ್ಡಿನದೇ ವಾಸನೆ. "ಕಾರು ಒರೆಸೋ ಬಟ್ಟೆಗೆ ನನ್ನ ಎಣ್ಣೆ" ಅಂತ ನೀನು ಹಂಗಿಸುತ್ತೀಯ. ಆ ಚರ್ಮದ ಬಟ್ಟೆ ಎಷ್ಟು ಮೆತ್ತಗಿರುತ್ತದೆ ಅಂತ ಒಮ್ಮೆ ಮುಟ್ಟಿ ನೋಡು, ಒಂದು ತುಂಡು ಇದರ ಜೊತೆ ಇಟ್ಟಿದ್ದೇನೆ. ಕನ್ನಡಕ ಒರೆಸಿಕೋ.

ಯೊರುನ್ ಅತ್ತೆಗೆ ನನ್ನ ನೆನಪು ಹೇಳು. ಒಲೆಯ ಪಕ್ಕದ ನನ್ನ ಕುರ್ಚಿಯ ಮೇಲೆ ಬಲೆ ಒಣಹಾಕಿದ್ದರೆ ತೆಗೆದಿಡು. ನಿನ್ನ ಕೈಗೆ ಮುತ್ತು.

ನಿನ್ನ,
ಸುನ್ನೀವಾ

ಮರೆಯುವ ಮೊದಲು: ಐಸ್‌ಲ್ಯಾಂಡಿನ ಎಣ್ಣೆ ವ್ಯಾಪಾರಿಯೊಬ್ಬರು ಅಪ್ಪನಿಗೆ ತಮ್ಮ ಮೀನೆಣ್ಣೆಯ ಸ್ಯಾಂಪಲ್ ಡಬ್ಬಿ ಕಳಿಸಿದ್ದಾರೆ. ಅಪ್ಪ ಅದನ್ನು ಇನ್ನೂ ತೆರೆದಿಲ್ಲ, ಈಸ್ಟರ್ ತನಕ ತೆರೆಯಲ್ಲ ಅಂದಿದ್ದಾನೆ. ಬೇರೆ ಯಾರೂ ನಿನ್ನ ಎಣ್ಣೆ ಕೊಳ್ಳುತ್ತಿಲ್ಲ ಅಂತ ನನಗೆ ಗೊತ್ತು, ನೀನು ಹೇಳದಿದ್ದರೂ. ಈಸ್ಟರ್ ರಜೆಗೆ ನಾನೇ ಬರುತ್ತೇನೆ, ಟಿಕೆಟ್ ಆಗಿದೆ. ಹೊಸ ಪತ್ರಕ್ಕೆ ಪಶುವೈದ್ಯರನ್ನು ಕರೆಸಿಡು. ಚೀಟಿಗಳನ್ನು ನಾನು ಅಂಟಿಸುತ್ತೇನೆ, ಆ ಹೊತ್ತಿಗೆ ನೀನು ದೋಣಿಮನೆಯ ಕಡೆ ಹೋಗಿರು. ನೆಕ್ಕಿ ನೋಡುವುದನ್ನು ಬಿಡಬೇಡ. ಚೆನ್ನಾಗಿದೆಯೋ ಇಲ್ಲವೋ ನನ್ನ ಕಿವಿಯಲ್ಲಿ ಹೇಳು, ಅಪ್ಪನಿಗೆ ಮುಟ್ಟಿಸುತ್ತೇನೆ. ಸೀಮೆಸುಣ್ಣ ಮಾತ್ರ ಯೊರುನ್ ಅತ್ತೆಯ ಕೈಗೆ ಕೊಟ್ಟುಬಿಡು.